ಷರತ್ತಿನ ಪ್ರವೇಶದಿಂದ ಸಂಶೋಧನೆಯ ಎತ್ತರಕ್ಕೆ: ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ

ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡದ ಮನೆಮನೆಗಳಲ್ಲಿ ಕೇಳಿಬರುವ ಮೊದಲ ಮಾತು ಮೆಡಿಕಲ್ ಸೀಟಿನದು. ಸೀಟು ದೊರೆತವರು ಭಾಗ್ಯವಂತರು, ದೊರೆಯದವರು ಬಿ.ಎಸ್ಸಿ. ಸೇರಿ ಸಮಾಧಾನಪಟ್ಟುಕೊಳ್ಳಬೇಕಾದವರು ಎಂಬ ಭಾವನೆ ಬೇರೂರಿದೆ. ಆದರೆ ಮನುಷ್ಯನ ಆರೋಗ್ಯಕ್ಕೆ ಸಂಬಂಧಿಸಿದ ವಿಜ್ಞಾನದ ಬಹುಭಾಗ ಬೆಳೆದಿರುವುದು ರೋಗಿಯ ಹಾಸಿಗೆಯ ಪಕ್ಕದಲ್ಲಷ್ಟೇ ಅಲ್ಲ, ಪ್ರಯೋಗಶಾಲೆಯ ಮೇಜಿನ ಮೇಲೂ ಹೌದು. ವೈದ್ಯ ಪದವಿ ಇಲ್ಲದೆ, ರಸಾಯನಶಾಸ್ತ್ರದ ಬಿ.ಎಸ್ಸಿ.ಯಿಂದ ಹೊರಟು, ವೈದ್ಯಕೀಯ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಯಾಗುವ ಮಟ್ಟಕ್ಕೆ ಏರಿದ ಮಹಿಳೆಯೊಬ್ಬರ ಬದುಕು ಈ ಸತ್ಯಕ್ಕೆ ಸಾಕ್ಷಿ. ಅವರೇ ಕಮಲಾ ಸೊಹೋನಿ.

ಕಮಲಾ ಅವರು ಕನ್ನಡಿಗರಲ್ಲ. ಆದರೆ ಸಂಶೋಧಕಿಯಾಗಿ ಅವರು ರೂಪುಗೊಂಡದ್ದು ಕನ್ನಡದ ನೆಲದಲ್ಲಿ, ಬೆಂಗಳೂರಿನ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆ ಸಂಸ್ಥೆಯ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ತೆರೆದಾಗಲೂ ಷರತ್ತುಗಳೊಡನೆ ತೆರೆಯಿತು.

ರಸಾಯನಶಾಸ್ತ್ರದ ಮನೆತನ

ಕಮಲಾ ಭಾಗವತ್ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಆರಂಭದ ವರ್ಷಗಳಲ್ಲಿ ವ್ಯಾಸಂಗ ಮಾಡಿದವರ ಪೈಕಿ ಅವರೂ ಸೇರಿದ್ದರು. ಆದ್ದರಿಂದ ಬಾಲ್ಯದಿಂದಲೇ ಆ ಸಂಸ್ಥೆಯ ಹೆಸರು ಕಮಲಾ ಅವರ ಕಿವಿಗೆ ಪರಿಚಿತವಾಗಿತ್ತು. ಅವರ ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿ ಹಾಗೂ ಜಾನಪದ ವಿದ್ವಾಂಸೆಯಾಗಿ ಹೆಸರಾದರು. 1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದ ತುರ್ತುಪರಿಸ್ಥಿತಿಯನ್ನು ವಿರೋಧಿಸಿದವರೂ ಅವರೇ. ಅಕ್ಕ-ತಂಗಿಯರಿಬ್ಬರಲ್ಲೂ ಅಂಜಿಕೆ ಎಂಬುದು ಕಡಿಮೆಯಿತ್ತು.

1933ರಲ್ಲಿ ಕಮಲಾ ಅವರು ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ ಪಡೆದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಉಪವಿಷಯ. ವಿಶ್ವವಿದ್ಯಾಲಯದ ಅರ್ಹತಾ ಪಟ್ಟಿಯಲ್ಲಿ ಅವರ ಹೆಸರು ಎಲ್ಲರಿಗಿಂತ ಮೇಲಿತ್ತು. ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಕೂಡ ಆಗ ಇದೇ ಮುಂಬಯಿ ವಿಶ್ವವಿದ್ಯಾಲಯಕ್ಕೆ ಒಳಪಟ್ಟಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ. ಅಂದರೆ ಆ ಕಾಲದಲ್ಲಿ ಉತ್ತರ ಕರ್ನಾಟಕದ ವಿದ್ಯಾರ್ಥಿಗಳೂ ಕಮಲಾ ಅವರೂ ಒಂದೇ ವಿಶ್ವವಿದ್ಯಾಲಯದ ಮಕ್ಕಳು.

ಪದವಿಯ ನಂತರ ಸಂಶೋಧನೆಯೇ ತಮ್ಮ ದಾರಿ ಎಂಬ ವಿಚಾರದಲ್ಲಿ ಕಮಲಾ ಅವರಿಗೆ ಸಂದೇಹವಿರಲಿಲ್ಲ. ತಂದೆ, ಚಿಕ್ಕಪ್ಪ ಓದಿದ ಬೆಂಗಳೂರಿನ ಸಂಸ್ಥೆಗೇ ಅರ್ಜಿ ಹಾಕಿದರು. ಮೊದಲ ಸ್ಥಾನ ಪಡೆದವರಿಗೆ ಪ್ರವೇಶ ದೊರೆಯುವುದು ಸಹಜವೆಂದೇ ಅವರು ಭಾವಿಸಿದ್ದರು.

ನಿರ್ದೇಶಕರ ಕೋಣೆಯ ಮುಂದೆ

ಆಗ ಸಂಸ್ಥೆಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡಿದ್ದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದು ಜಗತ್ತಿನ ಗಮನ ಸೆಳೆದಿದ್ದ ರಾಮನ್, ಆ ಸ್ಥಾನವನ್ನು ಅಲಂಕರಿಸಿದ ಮೊದಲ ಭಾರತೀಯ. ಅವರು ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಅಂಕಗಳು ಕಡಿಮೆ ಎಂದಾಗಲೀ ವಿಷಯ ಹೊಂದುವುದಿಲ್ಲವೆಂದಾಗಲೀ ಅಲ್ಲ. ಸಂಶೋಧನೆಗೆ ಮಹಿಳೆಯರು ತಕ್ಕವರಲ್ಲ ಎಂಬುದೇ ಕಾರಣವಾಗಿತ್ತು.

ತಂದೆ ಮತ್ತು ಚಿಕ್ಕಪ್ಪ ಮಾಡಿದ ಮನವಿಯೂ ಫಲಿಸಲಿಲ್ಲ. ಆಗ ಕಮಲಾ ಅವರು ತಾವೇ ಬೆಂಗಳೂರಿಗೆ ಬಂದರು. ಗಾಂಧೀಜಿಯವರ ವಿಚಾರಗಳಿಂದ ಪ್ರಭಾವಿತರಾಗಿದ್ದ ಆ ತರುಣಿ, ತಮ್ಮನ್ನು ಹೊರಗಿಡಲು ಸಕಾರಣ ಹೇಳುವವರೆಗೆ ನಿರ್ದೇಶಕರ ಕೋಣೆಯ ಮುಂದೆ ಸತ್ಯಾಗ್ರಹಕ್ಕೆ ನಿಂತರು. ಹೆಣ್ಣೆಂಬ ಒಂದೇ ಕಾರಣಕ್ಕೆ ಮೊದಲ ಸ್ಥಾನದ ವಿದ್ಯಾರ್ಥಿಯನ್ನು ಹೊರಗಿಡುವುದು ನ್ಯಾಯವೇ ಎಂಬ ಅವರ ಪ್ರಶ್ನೆಗೆ ಸಮರ್ಪಕ ಉತ್ತರವಿರಲಿಲ್ಲ.

ಕೊನೆಗೆ ರಾಮನ್ ಒಪ್ಪಿದರು. ಆದರೆ ಷರತ್ತುಗಳನ್ನು ವಿಧಿಸಿದರು. ಮೊದಲ ಒಂದು ವರ್ಷ ಅವರನ್ನು ಪೂರ್ಣ ಪ್ರಮಾಣದ ವಿದ್ಯಾರ್ಥಿಯೆಂದು ಪರಿಗಣಿಸುವುದಿಲ್ಲ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ತೃಪ್ತಿ ತಂದ ನಂತರವೇ ಅದಕ್ಕೆ ಮನ್ನಣೆ. ಮಾರ್ಗದರ್ಶಕರು ಕೇಳಿದರೆ ರಾತ್ರಿ ಹೊತ್ತೂ ದುಡಿಯಬೇಕು. ಪ್ರಯೋಗಶಾಲೆಯ ವಾತಾವರಣ ಕೆಡದಂತೆ, ಅಂದರೆ ಪುರುಷ ಸಹೋದ್ಯೋಗಿಗಳ ಏಕಾಗ್ರತೆಗೆ ಭಂಗ ಬಾರದಂತೆ ನಡೆದುಕೊಳ್ಳಬೇಕು. ಕಮಲಾ ಅವರು ಎಲ್ಲಕ್ಕೂ ಒಪ್ಪಿದರು. ಒಪ್ಪದೇ ಹೋಗಿದ್ದರೆ ಮುಂಬಯಿಗೆ ಮರಳುವುದೊಂದೇ ದಾರಿಯಾಗಿತ್ತು.

ಈ ಅವಮಾನವನ್ನು ಅವರು ಮರೆಯಲಿಲ್ಲ. ಆರು ದಶಕಗಳ ನಂತರ, ಮಹಿಳಾ ವಿಜ್ಞಾನಿಗಳ ಸಭೆಯಲ್ಲಿ ಮಾತನಾಡುವಾಗಲೂ ಆ ಪ್ರಸಂಗವನ್ನು ಅವರು ನೋವಿನಿಂದಲೇ ನೆನೆದರು. ರಾಮನ್ ಅವರ ವಿಜ್ಞಾನದ ಹಿರಿಮೆಯನ್ನು ಒಪ್ಪುತ್ತಲೇ, ಈ ವಿಷಯದಲ್ಲಿ ಅವರ ದೃಷ್ಟಿ ಸಂಕುಚಿತವಾಗಿತ್ತೆಂದು ಹೇಳಲು ಹಿಂಜರಿಯಲಿಲ್ಲ.

ಶ್ರೀನಿವಾಸಯ್ಯನವರ ಪ್ರಯೋಗಶಾಲೆ

ಬೆಂಗಳೂರಿನಲ್ಲಿ ಕಮಲಾ ಅವರಿಗೆ ದೊರೆತ ಗುರುಗಳು ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ. ಅತ್ಯಂತ ಶಿಸ್ತಿನವರು, ಶಿಷ್ಯರಿಂದ ಕಠಿಣ ದುಡಿಮೆ ನಿರೀಕ್ಷಿಸುವವರು. ಕಲಿಯಲು ಬಂದವರಿಗೆ ಧಾರೆಯೆರೆಯುವುದರಲ್ಲಿಯೂ ಅಷ್ಟೇ ಉದಾರಿಗಳು. ಕಮಲಾ ಅವರ ದಿನ ನಸುಕಿನಲ್ಲಿ ಆರಂಭವಾಗಿ ರಾತ್ರಿಯವರೆಗೆ ಸಾಗುತ್ತಿತ್ತು. ತಮ್ಮ ಕ್ಷೇತ್ರದ ಹಿರಿಯ ವಿಜ್ಞಾನಿಗಳ ಲೇಖನಗಳನ್ನು ಓದುವುದು ಮತ್ತು ಸಂದೇಹ ಬಂದಲ್ಲಿ ಅವರಿಗೇ ಪತ್ರ ಬರೆದು ಕೇಳುವುದು ಇಲ್ಲಿ ಅವರಿಗೆ ಅಭ್ಯಾಸವಾಯಿತು. ಮುಂದೆ ಕೇಂಬ್ರಿಜ್‌ನಲ್ಲಿ ಕೈಹಿಡಿದದ್ದೂ ಇದೇ ಅಭ್ಯಾಸ.

ಅವರು ಕೈಗೆತ್ತಿಕೊಂಡ ವಿಷಯ ಹಾಲು ಹಾಗೂ ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳು. ಇದು ಸಾಧಾರಣ ವಿಷಯದಂತೆ ತೋರಬಹುದು. ಆದರೆ ಮಾಂಸಾಹಾರ ಅಪರೂಪವಾದ, ಹಾಲು ಎಲ್ಲರಿಗೂ ಎಟುಕದ ದೇಶದಲ್ಲಿ ಬಡವರ ದೇಹ ಕಟ್ಟುವ ಪ್ರೋಟೀನು ಬರುವುದು ಕಾಳುಗಳಿಂದಲೇ. ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ ಉಣ್ಣುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಕಾಳಿನಲ್ಲಿ ಎಂಥ ಪ್ರೋಟೀನು ಎಷ್ಟಿದೆ, ಅದು ಜೀರ್ಣವಾಗುವ ಬಗೆ ಹೇಗೆ ಎಂಬುದನ್ನು ಕ್ರಮಬದ್ಧವಾಗಿ ಅಭ್ಯಸಿಸಿದವರು ಆಗ ವಿರಳ.

ಒಂದು ವರ್ಷದ ಪರೀಕ್ಷಾವಧಿ ಮುಗಿಯಿತು. ಕಮಲಾ ಅವರ ನಿಷ್ಠೆ ಮತ್ತು ಕೆಲಸದ ಗುಣಮಟ್ಟ ರಾಮನ್ ಅವರಿಗೆ ಮನವರಿಕೆಯಾಯಿತು. ಜೀವರಸಾಯನ ವಿಜ್ಞಾನದಲ್ಲಿ ಸಂಶೋಧನೆ ಮುಂದುವರಿಸಲು ಅವರಿಗೆ ವಿಧಿವತ್ತಾದ ಅನುಮತಿ ದೊರೆಯಿತು. ಅಲ್ಲಿಂದ ಮುಂದೆ ಸಂಸ್ಥೆಯಲ್ಲಿ ಮಹಿಳೆಯರಿಗೆ ಪ್ರವೇಶ ನೀಡುವ ಪರಿಪಾಠ ಆರಂಭವಾಯಿತು. ಬೆಂಗಳೂರಿನ ಸಂಸ್ಥೆ ಆಗ ತಾನೇ ಪದವಿ ಕೊಡುವ ವಿಶ್ವವಿದ್ಯಾಲಯವಾಗಿರಲಿಲ್ಲ. ಆದ್ದರಿಂದ 1936ರಲ್ಲಿ ಕಮಲಾ ಅವರು ಅಲ್ಲಿ ಮಾಡಿದ ಸಂಶೋಧನೆಯನ್ನು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿ, ವಿಶೇಷ ಮನ್ನಣೆಯೊಡನೆ ಎಂ.ಎಸ್ಸಿ. ಪದವಿ ಪಡೆದರು.

ಬಾಗಿಲು ತೆರೆಯಿತೆಂದರೆ ಎಲ್ಲ ಅಡೆತಡೆಗಳೂ ತೊಲಗಿದವೆಂದು ಅರ್ಥವಲ್ಲ. 1940ರ ದಶಕದಲ್ಲಿ ರಾಮನ್ ಅವರ ಪ್ರಯೋಗಶಾಲೆಯಲ್ಲೇ ದುಡಿದು 1945ರಲ್ಲಿ ಪ್ರಬಂಧ ಸಲ್ಲಿಸಿದ ಅಣ್ಣಾ ಮಣಿ ಅವರಿಗೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ನೀಡಲಿಲ್ಲ. ಹೀಗಿದ್ದರೂ ಅವರು ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೇಶದ ಅಗ್ರಗಣ್ಯರಾದರು. ಅದೇ ದಶಕದಲ್ಲಿ ಸಂಸ್ಥೆ ಸೇರಿದ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ ಮೈಕ್ರೋವೇವ್ ಎಂಜಿನಿಯರಿಂಗಿನಲ್ಲಿ ಹೆಸರು ಮಾಡಿ, ಅಲ್ಲಿಯೇ ಪ್ರಾಧ್ಯಾಪಕಿಯಾದರು. ಕಮಲಾ ಅವರ ಹಿಂದೆ ಹೀಗೊಂದು ಸಾಲು ಬೆಳೆಯಿತು.

ಹಗಲು ಪ್ರಯೋಗಕ್ಕೆ, ರಾತ್ರಿ ನಿದ್ರೆಗೆ ಒಂದೇ ಮೇಜು

ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನದ ನೆರವಿನಿಂದ ಕಮಲಾ ಅವರು 1937ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದರು. ಜೀವಸತ್ವಗಳ ಅನ್ವೇಷಣೆಗಾಗಿ 1929ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡಿದ್ದ ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು. ಜಗತ್ತಿನ ನಾನಾ ಭಾಗಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದ ಆ ಪ್ರಯೋಗಶಾಲೆಯಲ್ಲಿ ಸ್ಥಳಗಳೆಲ್ಲ ಭರ್ತಿಯಾಗಿದ್ದವು.

ಆಗ ಡೆರೆಕ್ ರಿಕ್ಟರ್ ಎಂಬ ಸಂಶೋಧಕ ಹಗಲಿನಲ್ಲಿ ತಮ್ಮ ಮೇಜನ್ನು ಬಿಟ್ಟುಕೊಡಲು ಮುಂದಾದರು. ರಾತ್ರಿ ಆ ಮೇಜಿನ ಮೇಲೆಯೇ ರಿಕ್ಟರ್ ಮಲಗುತ್ತಿದ್ದರಂತೆ. ಬೆಂಗಳೂರಿನಲ್ಲಿ ಷರತ್ತಿನ ಮೇಲೆ ಸಿಕ್ಕ ಜಾಗ, ಕೇಂಬ್ರಿಜ್‌ನಲ್ಲಿ ಎರವಲಾಗಿ ಸಿಕ್ಕಿತು. ವ್ಯತ್ಯಾಸವಿಷ್ಟೇ: ಇಲ್ಲಿ ಜಾಗ ಕೊಟ್ಟವರು ಆಕೆಯ ಯೋಗ್ಯತೆಯನ್ನು ಸಂದೇಹಿಸಿರಲಿಲ್ಲ. ರಿಕ್ಟರ್ ಅವರೊಡನೆ ನಡೆಸಿದ ಅಡ್ರಿನಲಿನ್ ಕುರಿತ ಅಧ್ಯಯನ 1938ರಲ್ಲಿ ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು.

ರಿಕ್ಟರ್ ಬೇರೆಡೆಗೆ ಹೋದ ನಂತರ ಕಮಲಾ ಅವರು ರಾಬಿನ್ ಹಿಲ್ ಅವರೊಡನೆ ಸಸ್ಯಗಳ ಅಂಗಾಂಶದ ಅಧ್ಯಯನಕ್ಕೆ ತೊಡಗಿದರು. ದ್ಯುತಿಸಂಶ್ಲೇಷಣೆ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಹಿಲ್ ಅವರ ಹೆಸರು ಪರಿಚಿತ. ಅವರ ಜೊತೆ ಆಲೂಗಡ್ಡೆಯ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಕಮಲಾ ಅವರ ಕಣ್ಣಿಗೆ ಬಿದ್ದದ್ದು ಸೈಟೋಕ್ರೋಮ್-ಸಿ.

ಇದರ ಮಹತ್ವವನ್ನು ಸರಳವಾಗಿ ಹೀಗೆ ವಿವರಿಸಬಹುದು. ನಾವು ಉಸಿರಾಡಿದ ಆಮ್ಲಜನಕ ಜೀವಕೋಶಗಳ ಒಳಗೆ ಆಹಾರವನ್ನು ಮೆಲ್ಲಗೆ ದಹಿಸಿ ಶಕ್ತಿ ಬಿಡುಗಡೆ ಮಾಡುತ್ತದೆ. ಈ ಕೆಲಸ ಒಮ್ಮೆಲೇ ನಡೆಯುವುದಿಲ್ಲ. ಬಾವಿಯಿಂದ ಸೇದಿದ ನೀರನ್ನು ಸಾಲಾಗಿ ನಿಂತವರು ಕೈಯಿಂದ ಕೈಗೆ ದಾಟಿಸುವಂತೆ, ಎಲೆಕ್ಟ್ರಾನುಗಳು ಒಂದು ಅಣುವಿನಿಂದ ಮತ್ತೊಂದಕ್ಕೆ ಸಾಗುತ್ತವೆ. ಆ ಸಾಲಿನಲ್ಲಿ ನಿಂತಿರುವ, ಕಬ್ಬಿಣದ ಅಂಶವುಳ್ಳ ಪುಟ್ಟ ಪ್ರೋಟೀನೇ ಸೈಟೋಕ್ರೋಮ್-ಸಿ. ಪ್ರಾಣಿಗಳ ಜೀವಕೋಶಗಳ ಉಸಿರಾಟದಲ್ಲಿ ಇಂಥ ವ್ಯವಸ್ಥೆ ಕೆಲಸ ಮಾಡುವಂತೆ ಸಸ್ಯಗಳ ಅಂಗಾಂಶದಲ್ಲಿಯೂ ಅದು ಕೆಲಸ ಮಾಡುತ್ತದೆಂಬುದಕ್ಕೆ ಕಮಲಾ ಅವರ ಅಧ್ಯಯನ ಆಧಾರ ಒದಗಿಸಿತು. ಹಿಲ್ ಮತ್ತು ಕಮಲಾ ಅವರ ಹೆಸರಿನಲ್ಲಿ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಕುರಿತ ಲೇಖನ ಪ್ರಕಟವಾಯಿತು.

ಹದಿನಾಲ್ಕು ತಿಂಗಳುಗಳಷ್ಟು ಅವಧಿಯಲ್ಲಿ ಅವರ ಸಂಶೋಧನಾ ಪ್ರಬಂಧ ಸಿದ್ಧವಾಯಿತು. ಅದು ಬೆರಳಚ್ಚಿನ ಕೇವಲ 40 ಪುಟಗಳಷ್ಟಿತ್ತು. ನೂರಾರು ಪುಟಗಳ ಹೊತ್ತಗೆಯೇ ಪಾಂಡಿತ್ಯದ ಅಳತೆಗೋಲೆಂದು ತಿಳಿದವರು ಈ ಸಂಗತಿಯನ್ನು ನೆನಪಿಡಬೇಕು. 1939ರಲ್ಲಿ ಅವರಿಗೆ ಪಿಎಚ್.ಡಿ. ಲಭಿಸಿತು.

ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಕಮಲಾ ಅವರನ್ನು ಗುರುತಿಸಲಾಗುತ್ತದೆ. ಅವರಿಗಿಂತ ಮೊದಲೇ, 1931ರಲ್ಲಿ, ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದಿದ್ದರೆಂಬುದನ್ನೂ ಜೊತೆಯಲ್ಲೇ ಸ್ಮರಿಸುವುದು ನ್ಯಾಯ. ಇನ್ನೊಂದು ವಿಚಿತ್ರವೂ ಇದೆ. ಮಹಿಳೆಯರನ್ನು ಪುರುಷರಿಗೆ ಸಮಾನವಾಗಿ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರನ್ನಾಗಿ ಸ್ವೀಕರಿಸಲು ಕೇಂಬ್ರಿಜ್ ಒಪ್ಪಿದ್ದು 1948ರಲ್ಲಿ. ಷರತ್ತು ಹಾಕುವ ಚಾಳಿ ಬೆಂಗಳೂರಿಗೆ ಮಾತ್ರ ಸೀಮಿತವಾಗಿರಲಿಲ್ಲ.

ತಾಯ್ನಾಡಿಗೆ ಮರಳಿ

ಹೊರದೇಶದಲ್ಲಿ ಅವಕಾಶಗಳಿದ್ದರೂ ಕಮಲಾ ಅವರು 1939ರಲ್ಲಿ ಭಾರತಕ್ಕೆ ಮರಳಿದರು. ಸ್ವಾತಂತ್ರ್ಯ ಚಳವಳಿಯ ಆ ದಿನಗಳಲ್ಲಿ ತಮ್ಮ ವಿದ್ಯೆ ದೇಶದ ಜನರಿಗೆ ಸಲ್ಲಬೇಕೆಂಬ ಹಂಬಲ ಅವರದು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಆರಂಭವಾದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾಗಿ ಅವರು ನೇಮಕಗೊಂಡರು. ಸ್ವತಃ ವೈದ್ಯ ಪದವಿ ಪಡೆಯದವರು ಭಾವೀ ವೈದ್ಯೆಯರಿಗೆ ದೇಹದ ರಸಾಯನವನ್ನು ಬೋಧಿಸತೊಡಗಿದರು.

ಆದರೆ ಅಲ್ಲಿ ಸಂಶೋಧನೆಗೆ ಅವಕಾಶ ಸಾಲದು ಎನಿಸಿದಾಗ ಅವರು ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕಿಯಾಗಿ ತೆರಳಿದರು. ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಎಂದು ಹೆಸರಾದದ್ದು ಇದೇ ಸಂಶೋಧನಾಲಯ. ಜೀವಸತ್ವಗಳ ಕುರಿತು ಅಲ್ಲಿ ಅವರು ಕೆಲಸ ಮಾಡಿದರು. ಆದರೆ ಮುಂದಿನ ಬಡ್ತಿಯ ದಾರಿ ಅಲ್ಲಿಯೂ ಸ್ಪಷ್ಟವಾಗಿ ಕಾಣಲಿಲ್ಲ.

1947ರಲ್ಲಿ ವಿಮಾಗಣಕರಾಗಿದ್ದ ಎಂ.ವಿ. ಸೊಹೋನಿ ಅವರನ್ನು ವಿವಾಹವಾಗಿ ಕಮಲಾ ಅವರು ಮುಂಬಯಿಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕಿಯಾದರು. ಬೆಂಗಳೂರಿನಲ್ಲಿ ಶ್ರೀನಿವಾಸಯ್ಯನವರ ಬಳಿ ಆರಂಭಿಸಿದ ಕಾಳುಗಳ ಅಧ್ಯಯನವನ್ನು ಇಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ವಿಸ್ತರಿಸಿದರು.

ಅವರೆಯಂಥ ಕಾಳುಗಳನ್ನು ಹಸಿಯಾಗಿ ತಿಂದರೆ ಅದರ ಪ್ರೋಟೀನು ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಕಾರಣ, ಆ ಕಾಳುಗಳಲ್ಲೇ ಇರುವ ಕೆಲವು ಪದಾರ್ಥಗಳು ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಹಿಡಿಯುತ್ತವೆ. ಚೆನ್ನಾಗಿ ಬೇಯಿಸಿದಾಗ ಈ ತಡೆ ಬಹುಮಟ್ಟಿಗೆ ನಾಶವಾಗುತ್ತದೆ. ಕಾಳನ್ನು ನೆನೆಸಿ ಬೇಯಿಸುವ ನಮ್ಮ ಅಜ್ಜಿಯರ ಪದ್ಧತಿಯ ಹಿಂದಿರುವ ರಸಾಯನವನ್ನು ಅರಿಯಲು ಇಂಥ ಸಂಶೋಧನೆ ನೆರವಾಯಿತು. ಭಾರತೀಯ ಆಹಾರ ಪದಾರ್ಥಗಳಲ್ಲಿರುವ ಟ್ರಿಪ್ಸಿನ್ ನಿರೋಧಕಗಳ ಬಗ್ಗೆ 1950ರ ದಶಕದಲ್ಲಿ ಕಮಲಾ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಲೇಖನಗಳು ಈ ಕ್ಷೇತ್ರದ ಆರಂಭಿಕ ಕೆಲಸಗಳಲ್ಲಿ ಸೇರಿವೆ.

ಅವರ ಇನ್ನೊಂದು ಮುಖ್ಯ ಕೆಲಸ ನೀರಾ ಕುರಿತದ್ದು. ತಾಳೆ ಜಾತಿಯ ಮರಗಳಿಂದ ಇಳಿಸುವ, ಹುಳಿಯುವ ಮುನ್ನಿನ ಸಿಹಿರಸವೇ ನೀರಾ. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಕಮಲಾ ಅವರು ಅದರಲ್ಲಿರುವ ಪೋಷಕಾಂಶಗಳನ್ನು ವಿಶ್ಲೇಷಿಸಿದರು. ಜೀವಸತ್ವಗಳು ಮತ್ತು ಕಬ್ಬಿಣದ ಅಂಶ ಅದರಲ್ಲಿರುವುದನ್ನು ಅವರ ತಂಡ ಕಂಡುಕೊಂಡಿತು. ಅಪೌಷ್ಟಿಕತೆಯಿಂದ ಬಳಲುವ ಆದಿವಾಸಿ ಮಕ್ಕಳಿಗೂ ಗರ್ಭಿಣಿಯರಿಗೂ ಕಡಿಮೆ ಖರ್ಚಿನಲ್ಲಿ ನೀರಾ ಪೂರಕ ಆಹಾರವಾಗಬಲ್ಲದೆಂದು ತೋರಿಸಿದ ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಅವರು ಗುಣಮಟ್ಟದ ವಿಚಾರದಲ್ಲಿ ಸಲಹೆಗಾರರಾಗಿದ್ದರು.

ತಡವಾಗಿ ಬಂದ ಗೌರವ

ಇಷ್ಟೆಲ್ಲ ಸಾಧಿಸಿದರೂ ಸಂಸ್ಥೆಯ ನಿರ್ದೇಶಕ ಪದವಿ ಅವರಿಗೆ ಸಕಾಲದಲ್ಲಿ ದೊರೆಯಲಿಲ್ಲ. ಒಳರಾಜಕೀಯದಿಂದಾಗಿ ನಾಲ್ಕು ವರ್ಷ ಕಾಯಬೇಕಾಯಿತು. ಕೊನೆಗೆ ಆ ಸ್ಥಾನಕ್ಕೇರಿದಾಗ, ಹಿಂದೆ ಮೇಜು ಬಿಟ್ಟುಕೊಟ್ಟಿದ್ದ ರಿಕ್ಟರ್ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನಿವೃತ್ತಿಯ ನಂತರವೂ ಅವರು ಸುಮ್ಮನೆ ಕುಳಿತವರಲ್ಲ. 1966ರಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಮುಂಬಯಿಯಲ್ಲಿ ಸ್ಥಾಪಿಸಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಕಮಲಾ ಅವರು ಆರಂಭದಿಂದಲೂ ಸಕ್ರಿಯರಾಗಿದ್ದರು. 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಆಹಾರದ ಕಲಬೆರಕೆಯಂಥ ವಿಷಯಗಳ ಬಗ್ಗೆ ಗ್ರಾಹಕರಿಗೆ ತಿಳಿವಳಿಕೆ ನೀಡುವ ಲೇಖನಗಳನ್ನು ಸಂಘದ ಕೀಮತ್ ಪತ್ರಿಕೆಗೆ ಬರೆದರು. ಕೇಂಬ್ರಿಜ್‌ನ ಪಿಎಚ್.ಡಿ. ಪಡೆದವರು ಅಡುಗೆಮನೆಯ ಡಬ್ಬಿಗಳಲ್ಲಿನ ಕಲಬೆರಕೆಯ ಬಗ್ಗೆ ಬರೆಯುವುದನ್ನು ಕೀಳೆಂದು ಎಣಿಸಲಿಲ್ಲ.

ಬಹುಕಾಲ ದೇಶ ಅವರನ್ನು ಮರೆತೇಬಿಟ್ಟಿತ್ತು. ಗುಗ್ಗುಳದ ಕುರಿತ ಸಂಶೋಧನೆಗಾಗಿ ಹೆಸರಾದ ಡಾ. ಜಿ.ವಿ. ಸತ್ಯವತಿ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕರಾಗಿದ್ದ ಕಾಲದಲ್ಲಿ ಕಮಲಾ ಅವರ ಕಥೆ ಅವರ ಗಮನಕ್ಕೆ ಬಂದಿತು. ವೃದ್ಧೆಯಾಗಿದ್ದ ಕಮಲಾ ಅವರನ್ನು ದೆಹಲಿಗೆ ಬರಮಾಡಿಕೊಂಡು ಮಂಡಳಿ ಸನ್ಮಾನಿಸಿತು. ಮಹಿಳೆಯರು ಸಂಶೋಧನೆಗೆ ತಕ್ಕವರಲ್ಲ ಎಂಬ ಮಾತು ಕೇಳಿ ಬದುಕು ಆರಂಭಿಸಿದವರನ್ನು, ದೇಶದ ವೈದ್ಯಕೀಯ ಸಂಶೋಧನೆಯ ಅತ್ಯುನ್ನತ ಸ್ಥಾನದಲ್ಲಿದ್ದ ಮಹಿಳೆಯೊಬ್ಬರು ಗೌರವಿಸಿದರು. 1998ರ ಜೂನ್ 28ರಂದು ಕಮಲಾ ಸೊಹೋನಿ ತೀರಿಕೊಂಡರು.

ವಿದ್ಯಾರ್ಥಿಗಳಿಗೆ ಪಾಠ

1933ಕ್ಕೆ ಹೋಲಿಸಿದರೆ ಇಂದಿನ ದಾರಿ ಎಷ್ಟೋ ಸುಗಮ. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಜೀವರಸಾಯನ ವಿಜ್ಞಾನ ಕಲಿಯಲು ಧಾರವಾಡದ ವಿದ್ಯಾರ್ಥಿ ಇಂದು ಊರು ಬಿಡಬೇಕಿಲ್ಲ. ಪ್ರವೇಶಕ್ಕಾಗಿ ಯಾವ ತರುಣಿಯೂ ನಿರ್ದೇಶಕರ ಕೋಣೆಯ ಮುಂದೆ ಸತ್ಯಾಗ್ರಹ ಹೂಡಬೇಕಿಲ್ಲ.

ಆದರೆ ಸಂಶೋಧನೆಗೆ ಬೇಕಾದ ಸಿದ್ಧತೆ ಮಾತ್ರ ಬದಲಾಗಿಲ್ಲ. ಕಮಲಾ ಅವರ ಬದುಕಿನಲ್ಲಿ ಅದರ ರೂಪ ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯದು ಮೂಲ ವಿಜ್ಞಾನದ ಗಟ್ಟಿ ಅಡಿಪಾಯ. ಅವರಿಗೆ ಅದು ರಸಾಯನಶಾಸ್ತ್ರದ ಪದವಿಯಿಂದ ಬಂದಿತು. ಎರಡನೆಯದು ಕೈಕೆಲಸದ ಶಿಸ್ತು. ಅದನ್ನು ಕಲಿಸಿದವರು ಶ್ರೀನಿವಾಸಯ್ಯ. ಮೂರನೆಯದು ಪ್ರಕಟವಾದ ಲೇಖನಗಳನ್ನು ಓದಿ ಪ್ರಶ್ನಿಸುವ ಅಭ್ಯಾಸ. ನಾಲ್ಕನೆಯದು ಸುತ್ತಲಿನ ಜನಜೀವನದಿಂದಲೇ ವಿಷಯವನ್ನು ಹುಡುಕಿಕೊಳ್ಳುವ ದೃಷ್ಟಿ. ಬೆಂಗಳೂರಿನಲ್ಲಿ ಕೈಗೆತ್ತಿಕೊಂಡ ಕಾಳುಗಳ ಪ್ರಶ್ನೆ ಮುಂಬಯಿಯಲ್ಲಿಯೂ ಅವರ ಜೊತೆಗಿತ್ತು. ಅಂಕಪಟ್ಟಿ ಪ್ರಯೋಗಶಾಲೆಯ ಹೊಸ್ತಿಲಿನವರೆಗೆ ಕರೆದೊಯ್ಯಬಲ್ಲದು. ಒಳಗೆ ನಿಲ್ಲಿಸುವುದು ಈ ನಾಲ್ಕು.

ಇನ್ನೊಂದು ಪಾಠ ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಬಾಗಿಲು ಕಾಯುವವರಿಗೆ ಸಲ್ಲಬೇಕು. ಕಮಲಾ ಅವರು ಷರತ್ತುಗಳನ್ನು ಸಹಿಸಿ ಗೆದ್ದರು. ಸಹಿಸಲಾಗದೆ ಮರಳಿ ಹೋದವರು ಎಷ್ಟು ಮಂದಿಯೋ, ಅವರ ಹೆಸರುಗಳು ಯಾವ ಚರಿತ್ರೆಯಲ್ಲೂ ಸಿಗುವುದಿಲ್ಲ. ಪ್ರತಿಭೆಯನ್ನು ಬಾಗಿಲಲ್ಲಿ ನಿಲ್ಲಿಸಿದ ದೇಶ ಕಳೆದುಕೊಂಡದ್ದೇನೆಂದು ಲೆಕ್ಕ ಹಾಕಲು ಯಾರಿಂದಲೂ ಸಾಧ್ಯವಿಲ್ಲ. ಒಳಗೆ ಬಿಟ್ಟುಕೊಂಡಾಗ ಗಳಿಸಿದ್ದೇನೆಂಬುದಕ್ಕೆ ಕಮಲಾ ಸೊಹೋನಿಯವರ ಕೆಲಸವೇ ಉತ್ತರ.